ತೂಕದ ಲೆಕ್ಕದಲ್ಲಿ ನನ್ನ ಹತ್ತು ರಾಕ್–ಮೆಟಲ್ ಆಲ್ಬಮ್‌ಗಳು

ಹೆವಿ ಮೆಟಲ್ ಕೇಳಬೇಕು, ಎಲ್ಲಿಂದ ಶುರು ಮಾಡಲಿ ಎಂದು ಯಾರಾದರೂ ವಿಚಾರಿಸಿದರೆ ಸಾಮಾನ್ಯವಾಗಿ ಅವರ ಕೈಗೆ ಬರುವುದು ಹಾಡುಗಳ ಒಂದು ಪಟ್ಟಿ. ಒಂದು ಬ್ಯಾಂಡಿನ ಅತಿ ವೇಗದ ಹಾಡು, ಇನ್ನೊಂದರ ಅತಿ ಅಬ್ಬರದ ಹಾಡು, ಮತ್ತೊಂದರ ಅತಿ ಹೆಸರಾದ ಹಾಡು. ಸಾಲಾಗಿ ಕೇಳುತ್ತಾ ಹೋದವರ ಕಿವಿ ಮೂರನೆಯದಕ್ಕೇ ದಣಿಯುತ್ತದೆ. "ಬರೀ ಗಲಾಟೆ" ಎಂದು ಎದ್ದು ಹೋಗುತ್ತಾರೆ. ಅವರನ್ನು ದೂರುವಂತಿಲ್ಲ. ಎಲೆಯ ತುಂಬ ಉಪ್ಪಿನಕಾಯಿಯನ್ನೇ ಬಡಿಸಿದರೆ ಯಾರು ತಾನೆ ಉಣ್ಣುತ್ತಾರೆ?

ಈ ಸಂಗೀತ ಬೆಳೆದದ್ದು ಎಲ್‌ಪಿ ರೆಕಾರ್ಡುಗಳ ಕಾಲದಲ್ಲಿ. ಒಂದೊಂದು ಬದಿಗೆ ಸುಮಾರು 20 ನಿಮಿಷ, ಎರಡೂ ಸೇರಿ 40. ಅಷ್ಟರೊಳಗೆ ಯಾವ ಹಾಡು ಮೊದಲಿಗೆ, ಕೇಳುವವರಿಗೆ ಎಲ್ಲಿ ಉಸಿರಾಡಲು ಬಿಡಬೇಕು, ಬದಿ ಮಗುಚುವ ಹೊತ್ತಿಗೆ ಅವರನ್ನು ಎಲ್ಲಿ ನಿಲ್ಲಿಸಬೇಕು ಎಂದು ಬ್ಯಾಂಡುಗಳು ತಲೆ ಕೆಡಿಸಿಕೊಳ್ಳುತ್ತಿದ್ದವು. ಅಲ್ಲಿಂದ ಒಂದು ಹಾಡನ್ನು ಕಿತ್ತು ತಂದರೆ ಅದರ ಅರ್ಧ ಬಲ ಅಲ್ಲೇ ಉಳಿದುಬಿಡುತ್ತದೆ. ಇಷ್ಟು ವರ್ಷ ಕೇಳಿದ ಮೇಲೆ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯ ಒಂದೇ: ಹೆವಿ ಎನ್ನುವ ಆ ತೂಕ ಹುಟ್ಟುವುದು ಬ್ಯಾಂಡು ತಡೆದು ಹಿಡಿಯುವ ಕಡೆ. ನಿಧಾನ, ಮೌನ, ಎರಡು ಪೆಟ್ಟುಗಳ ನಡುವಿನ ಬಿಡುವು ಇವುಗಳನ್ನು ಬಲ್ಲವರು ಅಬ್ಬರಿಸಿದಾಗ ಮಾತ್ರ ಎದೆ ನಡುಗುತ್ತದೆ. ಕೆಳಗಿನ ಸ್ಥಾನಗಳನ್ನೆಲ್ಲ ಹಂಚಿದ್ದು ಈ ಲೆಕ್ಕದಲ್ಲೇ.

ನಿಯಮ ಮೂರು. ಒಂದು ಬ್ಯಾಂಡಿಗೆ ಒಂದೇ ಆಲ್ಬಮ್. ಕಛೇರಿಯಲ್ಲಿ ಮುದ್ರಿಸಿದ ಲೈವ್ ರೆಕಾರ್ಡುಗಳೂ ಆಯ್ದ ಹಾಡುಗಳ ಸಂಕಲನಗಳೂ ಲೆಕ್ಕಕ್ಕಿಲ್ಲ. ಮೊದಲಿನಿಂದ ಕೊನೆಯವರೆಗೆ ಒಂದು ಹಾಡನ್ನೂ ಹಾರಿಸದೆ ಕೇಳಿಸಿಕೊಳ್ಳುವಂತಿರಬೇಕು. ಈ ಮೂರನೆಯ ನಿಯಮವೇ ಎಷ್ಟೋ ದೊಡ್ಡ ಹೆಸರುಗಳನ್ನು ಹೊರಗಿಟ್ಟಿತು.

ಕೇಳುವ ಮುನ್ನ

ಫೋನಿನ ಸ್ಪೀಕರಿನಲ್ಲಿ ಇದನ್ನು ಕೇಳಬೇಡಿ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಜ್‌ನಲ್ಲಿ ಮಿಡಿಯುತ್ತದೆ. ಅಷ್ಟು ತಗ್ಗಿನ ಧ್ವನಿಯನ್ನು ಹೊರಡಿಸುವ ಶಕ್ತಿ ಬೆರಳಗಲದ ಸ್ಪೀಕರಿಗೆ ಇಲ್ಲ. ತಳವೇ ಕೇಳಿಸದಿದ್ದರೆ ಉಳಿಯುವುದು ಗಿಟಾರಿನ ಕರಕರ ಮಾತ್ರ. ದುಬಾರಿ ಸಾಮಾನು ಬೇಕಿಲ್ಲ, ಕಿವಿ ಪೂರ್ತಿ ಮುಚ್ಚುವ ಸಾಧಾರಣ ಹೆಡ್‌ಫೋನ್ ಸಾಕು.

ಆ್ಯಪ್‌ನಲ್ಲಿ ಕೇಳುವವರು ಹಾಡುಗಳ ಕ್ರಮ ಕಲಸುವ ಷಫಲ್ ಆಫ್ ಮಾಡಿ. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಬೆಸೆಯುವ ಕ್ರಾಸ್‌ಫೇಡ್ ಕೂಡ ಆಫ್ ಮಾಡಿ. ಹಾಡುಗಳ ನಡುವೆ ಕಡಿತ ಬಾರದಂತೆ ಮಾಡುವ ಗ್ಯಾಪ್‌ಲೆಸ್ ಇದ್ದರೆ ಅದನ್ನು ಹಾಕಿ. ಇನ್ನೊಂದು ಎಚ್ಚರಿಕೆ: ಡಿಲಕ್ಸ್ ಎಡಿಷನ್ ಎಂದು ಬರುವ ಆವೃತ್ತಿಗಳಲ್ಲಿ ಮೂಲ ಆಲ್ಬಮ್ ಮುಗಿದ ಮೇಲೂ ಬೋನಸ್ ಹಾಡುಗಳು ಸುರಿಯುತ್ತವೆ. ಮೂಲ ಪಟ್ಟಿಯನ್ನು ನೋಡಿಕೊಂಡು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿಸಿ. ಮುಕ್ತಾಯ ಕೆಟ್ಟರೆ ಆಲ್ಬಮ್ಮೇ ಕೆಟ್ಟ ಹಾಗೆ.

ರೀಮಾಸ್ಟರ್ ಎಂಬ ಹಣೆಪಟ್ಟಿಗೂ ಮರುಳಾಗಬೇಡಿ. ಕೆಲವು ಮರುಮುದ್ರಣಗಳಲ್ಲಿ ಮೆಲುದನಿಯ ಭಾಗಗಳನ್ನೂ ಎತ್ತರಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಿರುತ್ತಾರೆ. 2008ರಲ್ಲಿ ಮೆಟಾಲಿಕಾ ಬ್ಯಾಂಡಿನ ಹೊಸ ಆಲ್ಬಮ್ 'ಡೆತ್ ಮ್ಯಾಗ್ನೆಟಿಕ್' ಬಂದಾಗಲೂ ಅಭಿಮಾನಿಗಳು ಸಿಟ್ಟಿಗೆದ್ದದ್ದು ಇದಕ್ಕೇ. ಗಿಟಾರ್ ಹೀರೋ ಎಂಬ ವಿಡಿಯೋ ಗೇಮಿನಲ್ಲಿದ್ದ ಅವೇ ಹಾಡುಗಳು ಸಿಡಿಗಿಂತ ಚೆನ್ನಾಗಿ ಕೇಳಿಸುತ್ತಿದ್ದವು. ಹಳೆಯ ಮುದ್ರಣ ಸಿಕ್ಕರೆ ಮೊದಲು ಅದನ್ನೇ ಕೇಳಿ ನೋಡಿ.

ಮೊದಲ ಸ್ಥಾನ

ಕೊನೆಯವರೆಗೆ ಕಾಯಿಸುವುದರಲ್ಲಿ ಅರ್ಥವಿಲ್ಲ. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ 'ಮಾಸ್ಟರ್ ಆಫ್ ರಿಯಾಲಿಟಿ', 1971. ಬಹಳ ಮಂದಿ ಇದೇ ಬ್ಯಾಂಡಿನ 'ಪ್ಯಾರನಾಯ್ಡ್' ಎನ್ನುತ್ತಾರೆ, ಗೊತ್ತು. ಅದರಲ್ಲಿ ಹೆಸರಾದ ಹಾಡುಗಳು ಹೆಚ್ಚಿವೆ. ಆದರೆ ತೂಕ ಎಂಬುದು ಒಂದು ಕಲೆಯಾಗಿ ಮೈತಳೆದದ್ದು ಮೂರನೆಯ ಆಲ್ಬಮ್ ಆದ ಇದರಲ್ಲಿ.

ಇದರ ಹಿಂದೆ ಒಂದು ಕಾರ್ಖಾನೆ ಇದೆ. ಬ್ಯಾಂಡಿನ ಗಿಟಾರ್ ವಾದಕ ಟೋನಿ ಅಯೋಮಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನವರು. ಹದಿನೇಳರ ವಯಸ್ಸಿನಲ್ಲಿ ತಗಡು ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ನಡುಬೆರಳು, ಉಂಗುರಬೆರಳುಗಳ ತುದಿ ಕಳೆದುಕೊಂಡರು. ಅವರು ಎಡಚರು, ತಂತಿ ಒತ್ತುವ ಕೈ ಬಲಗೈಯೇ. ಇನ್ನು ಗಿಟಾರು ಮುಗಿಯಿತು ಎಂದು ಕುಳಿತಿದ್ದಾಗ ಕಾರ್ಖಾನೆಯ ಮೇಲಧಿಕಾರಿಯೊಬ್ಬರು ಜಾಂಗೋ ರೈನ್‌ಹಾರ್ಟ್ ಅವರ ರೆಕಾರ್ಡು ತಂದು ಕೇಳಿಸಿದರು. ಬೆಂಕಿ ಅನಾಹುತದಲ್ಲಿ ಎರಡು ಬೆರಳುಗಳ ಬಲ ಕಳೆದುಕೊಂಡೂ ಗಿಟಾರಿನಲ್ಲಿ ಜಗತ್ತು ಗೆದ್ದ ಜಾಜ್ ವಾದಕ ಜಾಂಗೋ. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳ ತುದಿಗೆ ಟೋಪಿ ಮಾಡಿಕೊಂಡರು, ಅದರ ಮೇಲೆ ಚರ್ಮ ಅಂಟಿಸಿದರು. ಗಿಟಾರಿಗೆ ಬ್ಯಾಂಜೋದ ತೆಳು ತಂತಿ ಕಟ್ಟಿ ನೋಡಿದರು. ಈ ಆಲ್ಬಮ್ಮಿನ ಹೊತ್ತಿಗೆ ಬೆರಳಿಗೆ ಇನ್ನಷ್ಟು ಸಲೀಸಾಗಲೆಂದು ಮೂರು ಹಾಡುಗಳಲ್ಲಿ ತಂತಿಗಳ ಬಿಗಿಯನ್ನೇ ಸಡಿಲಿಸಿ, ಶ್ರುತಿಯನ್ನು ಮೂರು ಸ್ವರಸ್ಥಾನ ಕೆಳಗಿಳಿಸಿದರು. ಕೆಳಗಿನ ತಂತಿ 82 ಹರ್ಟ್ಜ್‌ನಿಂದ 69ಕ್ಕೆ ಇಳಿಯಿತು. ನೋವಿಗೆ ಕಂಡುಕೊಂಡ ಆ ಉಪಾಯದಿಂದ ಬಂದ ನಾದವನ್ನು ಮುಂದಿನ ತಲೆಮಾರುಗಳು ಹಾಗೆಯೇ ಎತ್ತಿಕೊಂಡವು. ಇವತ್ತು ಲೋಕದ ಎಷ್ಟೋ ಮೆಟಲ್ ಬ್ಯಾಂಡುಗಳು ಶ್ರುತಿ ಇಳಿಸಿಯೇ ನುಡಿಸುತ್ತವೆ.

ಒಟ್ಟು 34 ನಿಮಿಷ, ಎಂಟು ಹಾಡು. ಜೋಡಣೆಯನ್ನು ಗಮನಿಸಿ. 'ಚಿಲ್ಡ್ರನ್ ಆಫ್ ದಿ ಗ್ರೇವ್' ಎಂಬ ಕುದುರೆಯೋಟಕ್ಕೆ ಮುನ್ನ 'ಎಂಬ್ರಿಯೋ' ಎಂಬ ಅರ್ಧ ನಿಮಿಷದ ಗಿಟಾರಿನ ತುಣುಕು. ಎರಡನೆಯ ಬದಿ ತೆರೆಯುವುದು 'ಆರ್ಕಿಡ್' ಎಂಬ ಮೆತ್ತನೆಯ ಅಕೂಸ್ಟಿಕ್ ನುಡಿತದಿಂದ. ಅದರ ಬೆನ್ನಿಗೆ 'ಲಾರ್ಡ್ ಆಫ್ ದಿಸ್ ವರ್ಲ್ಡ್' ಬೀಳುತ್ತದೆ. ಬೀಳುತ್ತದೆ ಎಂದೇ ಹೇಳಬೇಕು. ನಂತರ 'ಸಾಲಿಟ್ಯೂಡ್', ಒಂಟಿತನದ ಒಂದು ಮಂದ ಹಾಡು, ಕೊಳಲು ನುಡಿಸಿರುವುದು ಅಯೋಮಿಯೇ. ಆ ಕೊಳಲು ಮರೆಯಾದ ಮೇಲೆ 'ಇಂಟು ದಿ ವಾಯ್ಡ್' ಶುರುವಾಗುತ್ತದೆ. ಅದನ್ನೊಂದೇ ಬೇರೆ ಕೇಳಿದರೆ ಒಳ್ಳೆಯ ಹಾಡು ಅನಿಸುತ್ತದೆ. ಕೊಳಲಿನ ನಂತರ ಕೇಳಿದರೆ ನೆಲ ಕುಸಿದ ಹಾಗಾಗುತ್ತದೆ.

ಕರ್ನಾಟಕ ಸಂಗೀತ ಬಲ್ಲವರಿಗೆ ಒಂದು ಸೂಚನೆ. ಈ ಬ್ಯಾಂಡಿನ ಮೊದಲ ಆಲ್ಬಮ್ಮಿನ ಮೊದಲ ಹಾಡಿಗೂ ಬ್ಯಾಂಡಿನದೇ ಹೆಸರು. ಮಳೆ, ದೂರದ ಗಂಟೆ, ಆಮೇಲೆ ಮೂರೇ ಸ್ವರ: ಷಡ್ಜ, ತಾರ ಷಡ್ಜ, ಅಲ್ಲಿಂದ ಇಳಿದು ಪ್ರತಿ ಮಧ್ಯಮ. ಆ ಮಧ್ಯಮವನ್ನು ಕಂಪಿಸುತ್ತಾ ನಿಲ್ಲಿಸಿಬಿಡುತ್ತಾರೆ. ಪಂಚಮಕ್ಕೆ ಏರುವುದಿಲ್ಲ, ಬಿಡುಗಡೆ ಸಿಗುವುದಿಲ್ಲ. ಕಿವಿ ಕಾಯುತ್ತಲೇ ಇರುತ್ತದೆ. ಆ ಆಲ್ಬಮ್ಮನ್ನು 1969ರ ಅಕ್ಟೋಬರಿನಲ್ಲಿ ಲಂಡನ್ನಿನ ಸ್ಟುಡಿಯೋದಲ್ಲಿ ಒಂದೇ ದಿನದಲ್ಲಿ ಮುದ್ರಿಸಿ ಮುಗಿಸಿದ್ದರು.

ಮನೆಯಲ್ಲಿ ಹಿರಿಯರು "ಇದೆಲ್ಲ ದೆವ್ವದ ಪೂಜೆಯಂತೆ" ಎಂದರೆ ಅವರಿಗೆ ಇಷ್ಟು ಹೇಳಿ: ಸಾಹಿತ್ಯದ ಬಹುಪಾಲು ಬರೆದ ಬೇಸ್ ವಾದಕ ಗೀಜರ್ ಬಟ್ಲರ್ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವರು. ಈ ಆಲ್ಬಮ್ಮಿನ 'ಆಫ್ಟರ್ ಫಾರೆವರ್' ಬಹಿರಂಗವಾಗಿ ದೇವರ ಪರವಾದ ಹಾಡು. 'ಚಿಲ್ಡ್ರನ್ ಆಫ್ ದಿ ಗ್ರೇವ್' ಅಣುಬಾಂಬಿನ ಭಯದಲ್ಲಿ ಬೆಳೆದ ಮಕ್ಕಳ ಶಾಂತಿಯ ಬೇಡಿಕೆ. ಗಾಯಕ ಓಝಿ ಓಸ್ಬೋರ್ನ್ 2025ರ ಜುಲೈ 5ರಂದು ತಮ್ಮ ಊರಾದ ಬರ್ಮಿಂಗ್‌ಹ್ಯಾಮ್‌ನ ವಿಲಾ ಪಾರ್ಕಿನಲ್ಲಿ ಹಳೆಯ ಮೂವರು ಗೆಳೆಯರೊಂದಿಗೆ ಕೊನೆಯ ಬಾರಿ ಹಾಡಿದರು. ಅದೇ ತಿಂಗಳ 22ರಂದು ತೀರಿಕೊಂಡರು.

ಎರಡು, ಮೂರು, ನಾಲ್ಕು

ಎರಡನೆಯದು ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್', 1986ರ ಮಾರ್ಚ್. ಥ್ರ್ಯಾಷ್ ಎಂಬ ಮೆಟಲ್ ಬಗೆಯೆಂದರೆ ವೇಗ ಎಂದು ನಂಬಿದವರು ಇದರ ಮೊದಲ ಅರ್ಧ ನಿಮಿಷ ಕೇಳಬೇಕು, ಅಲ್ಲಿರುವುದು ಅಕೂಸ್ಟಿಕ್ ಗಿಟಾರುಗಳು. ಶೀರ್ಷಿಕೆ ಗೀತೆ ಎಂಟೂವರೆ ನಿಮಿಷದ್ದು. ಮಾದಕ ವಸ್ತುವೇ ತನ್ನ ದಾಸನೊಂದಿಗೆ ಮಾತಾಡುವ ಹಾಡು ಅದು. ಮತ್ತೆ ಮತ್ತೆ ಮರಳುವ ಗಿಟಾರಿನ ಮುಖ್ಯ ರಿಫ್‌ಗೆ ತಾಳ ಹಾಕಿ ನೋಡಿ, ನಾಲ್ಕನೆಯ ಆವರ್ತ ಬಂದಾಗಲೆಲ್ಲ ಎಣಿಕೆ ತುಸು ಕಡಿಮೆ ಬಿದ್ದು ಕಾಲು ಜಾರುತ್ತದೆ. ವ್ಯಸನಿಯ ನಡಿಗೆಯೇ ತಾಳದಲ್ಲಿ ಕೂತಿದೆ. ನಡುವೆ ಎಲ್ಲವೂ ನಿಂತು ಶುಭ್ರವಾದ ಗಿಟಾರು, ಅದರ ಮೇಲೆ ಎರಡು ಗಿಟಾರುಗಳ ಜೋಡಿ ಸ್ವರ ಬರುತ್ತದೆ. ಈ ನಡುಭಾಗವಿಲ್ಲದೆ ಉಳಿದ ಆರು ನಿಮಿಷಕ್ಕೆ ಈ ಬೆಲೆ ಇರುತ್ತಿರಲಿಲ್ಲ.

ಬೇಸ್ ವಾದಕ ಕ್ಲಿಫ್ ಬರ್ಟನ್ ಅವರಿಗಾಗಿ 'ಒರಾಯನ್' ಕೇಳಿ. ಹಾಡುಗಾರಿಕೆ ಇಲ್ಲ, ಪೂರ್ತಿ ವಾದ್ಯ. ನಡುವೆ ಬೇಸ್ ಒಂದೇ ಉಳಿದು ನಿಧಾನಕ್ಕೆ ಹೆಜ್ಜೆಯಿಡುತ್ತದೆ. ಆ ಆಲ್ಬಮ್ ಬಂದ ವರ್ಷವೇ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ಬ್ಯಾಂಡಿನ ಬಸ್ಸು ಮಗುಚಿ ಬರ್ಟನ್ ಸತ್ತರು. ಆಗ ಅವರಿಗೆ 24 ವರ್ಷ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಿಕೆಗಳ ಭಂಡಾರಕ್ಕೆ ಸೇರಿಸಿಕೊಂಡ ಮೊದಲ ಮೆಟಲ್ ಆಲ್ಬಮ್ ಇದು. ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದದ್ದು 2011ರ ಅಕ್ಟೋಬರ್ 30ರಂದು. ಅದಕ್ಕೆ ಮೊದಲು ಗುರುಗ್ರಾಮದಲ್ಲಿ ನಡೆಯಬೇಕಿದ್ದ ಕಾರ್ಯಕ್ರಮ ರದ್ದಾಗಿತ್ತು. ಹಾಗಾಗಿ ಭಾರತದಲ್ಲಿ ಅವರ ಮೊದಲ ಕಛೇರಿ ಬೆಂಗಳೂರಿಗೇ ದಕ್ಕಿತು.

ಮೂರನೆಯದಕ್ಕೆ ಹೆಸರೇ ಇಲ್ಲ. ಲೆಡ್ ಜೆಪೆಲಿನ್ ಬ್ಯಾಂಡಿನ ನಾಲ್ಕನೆಯ ಆಲ್ಬಮ್, 1971ರ ನವೆಂಬರ್. ಹೊದಿಕೆಯ ಮೇಲೆ ಬ್ಯಾಂಡಿನ ಹೆಸರನ್ನೂ ಹಾಕಿರಲಿಲ್ಲ, ಜನ 'ಲೆಡ್ ಜೆಪೆಲಿನ್ 4' ಎಂದು ಕರೆದರು. 'ಸ್ಟೇರ್‌ವೇ ಟು ಹೆವನ್' ಇರುವುದು ಇದರಲ್ಲೇ. ಅದನ್ನು ಹೊಗಳಲು ನೂರು ಜನ ಇದ್ದಾರೆ, ನಾನು ಕೊನೆಯ ಹಾಡಿಗೆ ಹೋಗುತ್ತೇನೆ.

'ವೆನ್ ದಿ ಲೆವೀ ಬ್ರೇಕ್ಸ್'. 1927ರಲ್ಲಿ ಮಿಸಿಸಿಪಿ ನದಿ ಒಡ್ಡು ಒಡೆದು ಊರುಗಳನ್ನು ಮುಳುಗಿಸಿದ ಮೇಲೆ ಕಾನ್ಸಸ್ ಜೋ ಮೆಕಾಯ್ ಮತ್ತು ಮೆಂಫಿಸ್ ಮಿನಿ 1929ರಲ್ಲಿ ಮುದ್ರಿಸಿದ ಬ್ಲೂಸ್ ಹಾಡೇ ಇದರ ಮೂಲ. ಜೆಪೆಲಿನ್ ತಂಡ ಹ್ಯಾಂಪ್‌ಷೈರಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದಲ್ಲಿ ಬೀಡು ಬಿಟ್ಟಿತ್ತು, ಹಿಂದೊಮ್ಮೆ ಬಡವರನ್ನು ಇರಿಸಿ ದುಡಿಸಿಕೊಳ್ಳುತ್ತಿದ್ದ ಮನೆ ಅದು. ಜಾನ್ ಬಾನಮ್ ಅವರ ಡ್ರಮ್ಮುಗಳನ್ನು ಹಜಾರದ ನೆಲದ ಮೇಲಿಟ್ಟು, ಎಂಜಿನಿಯರ್ ಆ್ಯಂಡಿ ಜಾನ್ಸ್ ಮೈಕುಗಳನ್ನು ಡ್ರಮ್ಮಿನ ಹತ್ತಿರ ಇಡದೆ ಮೇಲೆ ಮೆಟ್ಟಿಲ ಸಾಲಿನಿಂದ ಕೆಳಕ್ಕೆ ಇಳಿಬಿಟ್ಟರು. ಪೆಟ್ಟು ಬಿದ್ದ ಮೇಲೆ ಸದ್ದು ಕಲ್ಲುಗೋಡೆಗಳಿಗೆ ಬಡಿದು ಮೇಲೇರಿ ಮೈಕು ಮುಟ್ಟುತ್ತದೆ. ಹೆಡ್‌ಫೋನ್ ಹಾಕಿಕೊಂಡು ಮೊದಲ ಎಂಟು ಪೆಟ್ಟು ಕೇಳಿ. ಒಂದೊಂದು ಪೆಟ್ಟಿನ ಹಿಂದೆಯೂ ಆ ಹಜಾರದ ಎತ್ತರ ಕೇಳಿಸುತ್ತದೆ. ಬಾನಮ್ ಆತುರಪಡುವುದಿಲ್ಲ, ಸದ್ದು ಪೂರ್ತಿ ಮೇಲೇರುವವರೆಗೆ ಕಾದು ಮುಂದಿನದನ್ನು ಇಡುತ್ತಾರೆ. ಎಷ್ಟೋ ಹಿಪ್‌ಹಾಪ್ ಹಾಡುಗಳು ಈ ಡ್ರಮ್ಮನ್ನೇ ಎತ್ತಿಕೊಂಡಿವೆ.

ಇದೇ ಆಲ್ಬಮ್ಮಿನ 'ಫೋರ್ ಸ್ಟಿಕ್ಸ್'ಗೆ ಭಾರತದ ನಂಟಿದೆ. ಐದು ಮತ್ತು ಆರರ ಎಣಿಕೆಗಳ ನಡುವೆ ಓಡಾಡುವ ಹಾಡು ಅದು. ಬ್ಯಾಂಡಿನ ಗಿಟಾರ್ ವಾದಕ ಜಿಮ್ಮಿ ಪೇಜ್ ಮತ್ತು ಗಾಯಕ ರಾಬರ್ಟ್ ಪ್ಲಾಂಟ್ 1972ರಲ್ಲಿ ಮುಂಬೈಗೆ ಬಂದಿದ್ದಾಗ ಇಲ್ಲಿನ ವಾದ್ಯಗಾರರ ಜೊತೆ ಕೂತು ಅದನ್ನೂ 'ಫ್ರೆಂಡ್ಸ್' ಎಂಬ ಇನ್ನೊಂದನ್ನೂ ಮುದ್ರಿಸಿದ್ದರು. ಆ ಮುದ್ರಣ ಅಧಿಕೃತವಾಗಿ ಹೊರಬಂದದ್ದು 2015ರಲ್ಲಿ, 'ಕೋಡಾ' ಆಲ್ಬಮ್ಮಿನ ವಿಸ್ತೃತ ಆವೃತ್ತಿಯಲ್ಲಿ. ಹುಡುಕಿ ಕೇಳಿ.

ನಾಲ್ಕನೆಯದು ಐರನ್ ಮೇಡನ್ ಬ್ಯಾಂಡಿನ 'ಪವರ್‌ಸ್ಲೇವ್', 1984. ಸ್ಟೀವ್ ಹ್ಯಾರಿಸ್ ಬೇಸ್ ಗಿಟಾರನ್ನು ಬರಿ ಬೆರಳುಗಳಿಂದ ಮೀಟಿ ತೆಗೆಯುವ ಆ ಓಟ ಈ ಬ್ಯಾಂಡಿನ ಗುರುತು: ಒಂದು ದೀರ್ಘ, ಎರಡು ಹ್ರಸ್ವ. 'ತಾ ತಕ, ತಾ ತಕ' ಎಂದು ಬಾಯಲ್ಲಿ ಹೇಳಿಕೊಂಡರೆ ಹಿಡಿತಕ್ಕೆ ಬರುತ್ತದೆ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಕೊನೆಯ ಹಾಡೇ ಬಾಗಿಲು. ಕೋಲ್‌ರಿಜ್ ಕವಿ 1798ರಲ್ಲಿ ಪ್ರಕಟಿಸಿದ 'ದಿ ರೈಮ್ ಆಫ್ ದಿ ಏನ್ಶಂಟ್ ಮ್ಯಾರಿನರ್' ಎಂಬ ನೀಳ್ಗವನವನ್ನು ಹ್ಯಾರಿಸ್ 13 ನಿಮಿಷಕ್ಕೂ ಮೀರಿದ ಹಾಡಾಗಿ ಕಟ್ಟಿದ್ದಾರೆ. ಕಡಲಹಕ್ಕಿಯನ್ನು ಕೊಂದ ನಾವಿಕನ ಶಾಪದ ಕತೆ. ಹಡಗು ಗಾಳಿಯಿಲ್ಲದೆ ನಿಂತಾಗ ಸಂಗೀತವೂ ನಿಂತುಬಿಡುತ್ತದೆ. ಮರದ ಹಲಗೆ ಕಿರುಗುಟ್ಟುವ ಸದ್ದು, ಬೇಸಿನ ನಾಲ್ಕಾರು ಸ್ವರ, ಪಿಸುಮಾತಿನಂಥ ವಾಚನ, ಇಷ್ಟೇ. ನಿಮಿಷಗಟ್ಟಲೆ ಹಾಗೇ ಇರುತ್ತದೆ. ಗಾಳಿ ತಿರುಗಿ ಬೀಸಿ ಬ್ರೂಸ್ ಡಿಕಿನ್ಸನ್ ಅವರ ಕಂಠ ಮೇಲೇಳುವಾಗ ಮೈ ನವಿರೇಳದವರನ್ನು ನಾನು ಕಂಡಿಲ್ಲ. 2007ರ ಮಾರ್ಚ್ 17ರಂದು ಈ ಬ್ಯಾಂಡು ಅರಮನೆ ಮೈದಾನದಲ್ಲಿ ನುಡಿಸಿತು. ಭಾರತದಲ್ಲಿ ಅವರ ಮೊದಲ ಕಛೇರಿ ಅದು, ದೇಶದ ಎಲ್ಲೆಡೆಯಿಂದ ಕಪ್ಪು ಅಂಗಿ ತೊಟ್ಟವರು ರೈಲು ಹತ್ತಿ ಬಂದಿದ್ದರು. ಬೆಂಗಳೂರು ಈ ದೇಶದ ಮೆಟಲ್ ರಾಜಧಾನಿ ಎಂಬ ಮಾತಿಗೆ ಆ ಸಂಜೆ ಮುದ್ರೆ ಬಿತ್ತು.

ಐದು, ಆರು ಮತ್ತು ಒಬ್ಬ ಮಾರ್ಟಿನ್ ಬರ್ಚ್

ಪಟ್ಟಿ ಬರೆದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ನಾಲ್ಕು, ಐದು, ಆರು ಈ ಮೂರರಲ್ಲೂ ಧ್ವನಿಮುದ್ರಣದ ಹಿಂದಿದ್ದವರು ಒಬ್ಬರೇ, ಮಾರ್ಟಿನ್ ಬರ್ಚ್. ಒಂದು ಆಲ್ಬಮ್ ಹಿಡಿಸಿದರೆ ಅದರ ನಿರ್ಮಾಪಕ, ಎಂಜಿನಿಯರ್ ಯಾರೆಂದು ನೋಡಿ ಅವರ ಬೇರೆ ಕೆಲಸಗಳನ್ನು ಹುಡುಕುವುದು ಹೊಸದನ್ನು ಕಂಡುಕೊಳ್ಳುವ ಅತ್ಯುತ್ತಮ ದಾರಿ. ಆ್ಯಪ್ ತಾನಾಗಿ ಮುಂದಿಡುವ ಸಲಹೆಗಳಿಗಿಂತ ಇದು ಎಷ್ಟೋ ಮೇಲು.

ಐದನೆಯದು ರೇನ್‌ಬೋ ಬ್ಯಾಂಡಿನ 'ರೈಸಿಂಗ್', 1976. ಬರೀ 33 ನಿಮಿಷ, ಆರು ಹಾಡು. ಮೊದಲ ಬದಿಯ ನಾಲ್ಕು ಹಾಡು ಚೆನ್ನಾಗಿವೆ, ಅಷ್ಟೇ. ಎರಡನೆಯ ಬದಿಯಲ್ಲಿ ಎಂಟೆಂಟು ನಿಮಿಷ ದಾಟಿದ ಎರಡೇ ಹಾಡು. 'ಸ್ಟಾರ್‌ಗೇಜರ್' ಇದೆ ಎಂಬ ಒಂದೇ ಕಾರಣಕ್ಕೆ ಈ ಸ್ಥಾನ ಕೊಟ್ಟಿದ್ದೇನೆ. ನಕ್ಷತ್ರಗಳಿಗೆ ಹಾರಲು ಮಂತ್ರವಾದಿಯೊಬ್ಬ ಸುಡುಬಿಸಿಲಿನಲ್ಲಿ ಗುಲಾಮರಿಂದ ಕಲ್ಲಿನ ಗೋಪುರ ಕಟ್ಟಿಸುತ್ತಾನೆ. ಹಾಡುವವರು ಆ ಗುಲಾಮರ ದನಿಯಾಗಿ ರಾನಿ ಜೇಮ್ಸ್ ಡಿಯೋ. ಕೋಸಿ ಪವೆಲ್ ಅವರ ಡ್ರಮ್ಮು ಕಲ್ಲು ಹೊತ್ತವರ ಹೆಜ್ಜೆ, ಹಿಂದೆ ಮ್ಯೂನಿಕ್ ಫಿಲ್ಹಾರ್ಮೋನಿಕ್ ವಾದ್ಯವೃಂದ. ಮೆಟಲ್ ಕಛೇರಿಗಳಲ್ಲಿ ತೋರುಬೆರಳು, ಕಿರುಬೆರಳು ಎತ್ತಿ ತೋರಿಸುವ ಕೊಂಬಿನ ಮುದ್ರೆಯನ್ನು ಜನಪ್ರಿಯಗೊಳಿಸಿದ್ದು ಇದೇ ಡಿಯೋ. ದೃಷ್ಟಿ ತಾಗದಿರಲೆಂದು ಇಟಲಿ ಮೂಲದ ಅವರ ಅಜ್ಜಿ ಮಾಡುತ್ತಿದ್ದ ಸನ್ನೆ ಅದು. ದೃಷ್ಟಿ ತೆಗೆಯುವುದು ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆರನೆಯದು ಡೀಪ್ ಪರ್ಪಲ್ ಬ್ಯಾಂಡಿನ 'ಮೆಷಿನ್ ಹೆಡ್', 1972. 'ಸ್ಮೋಕ್ ಆನ್ ದಿ ವಾಟರ್' ಹಾಡು ಹೇಳುವುದು ನಡೆದ ಸಂಗತಿಯನ್ನೇ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರಿನ ಕ್ಯಾಸಿನೋದಲ್ಲಿ ಫ್ರಾಂಕ್ ಜಪ್ಪಾ ಅವರ ಕಛೇರಿ ನಡೆಯುತ್ತಿದ್ದಾಗ ಯಾರೋ ಹಾರಿಸಿದ ಫ್ಲೇರ್ ಸೂರಿಗೆ ತಗುಲಿ ಕಟ್ಟಡವೇ ಸುಟ್ಟುಹೋಯಿತು. ಅದೇ ಕ್ಯಾಸಿನೋದಲ್ಲಿ ಮುದ್ರಿಸಲೆಂದು ಬಂದಿದ್ದ ಡೀಪ್ ಪರ್ಪಲ್, ಸರೋವರದ ಮೇಲೆ ಹೊಗೆ ಹರಡುವುದನ್ನು ನೋಡುತ್ತಾ ನಿಂತಿತು. ಬದಲಿ ಜಾಗದಲ್ಲಿ ನೆರೆಹೊರೆಯವರು ಗದ್ದಲವೆಂದು ದೂರಿ ಪೊಲೀಸರು ಬಂದರು. ಕಡೆಗೆ ಚಳಿಗಾಲಕ್ಕೆ ಬಾಗಿಲು ಹಾಕಿದ್ದ ಗ್ರಾಂಡ್ ಹೋಟೆಲಿನ ಓಣಿಗಳಲ್ಲಿ ಹಾಸಿಗೆ ಅಡ್ಡ ನಿಲ್ಲಿಸಿ ಮುದ್ರಿಸಿದರು. ಯಂತ್ರಗಳಿದ್ದ ಲಾರಿ ಹೊರಗೆ ನಿಂತಿತ್ತು. ಅಲ್ಲಿಗೆ ಹೋಗಿ ಕೇಳಿ ಬರುವ ದಾರಿ ಎಷ್ಟು ಸುತ್ತೆಂದರೆ ವಾದಕರು ಮುದ್ರಿಸಿದ್ದನ್ನು ತಿರುಗಿ ಕೇಳುವುದನ್ನೇ ಬಿಟ್ಟರು. ಚೆನ್ನಾಗಿ ಬಂತು ಅನ್ನಿಸಿದರೆ ಮುಂದಿನ ಹಾಡು. ಆ ತಾಜಾತನ ಇವತ್ತಿಗೂ ಕೇಳಿಸುತ್ತದೆ. ಗಿಟಾರಿನಲ್ಲಿ ರಿಚಿ ಬ್ಲ್ಯಾಕ್‌ಮೋರ್ ಇದ್ದಾರೆ, ಐದನೆಯ ಸ್ಥಾನದ 'ರೈಸಿಂಗ್' ಕೂಡ ಅವರದೇ. ಇಲ್ಲಿ ಜಾನ್ ಲಾರ್ಡ್ ಅವರ ಹ್ಯಾಮಂಡ್ ಆರ್ಗನ್ನಿಗೆ ಹೆಚ್ಚು ಕಿವಿಗೊಡಿ. ಅದನ್ನು ಗಿಟಾರಿನ ಆಂಪ್ಲಿಫೈಯರಿಗೆ ಜೋಡಿಸಿ ಗುಡುಗಿಸಿದ್ದಾರೆ.

ಉಳಿದ ನಾಲ್ಕು

ಪಿಂಕ್ ಫ್ಲಾಯ್ಡ್ ಮೆಟಲ್ ಬ್ಯಾಂಡಲ್ಲ. ಆದರೂ ಬಿಡುವಿನ ಬಲವನ್ನು ಇವರಷ್ಟು ಅರಿತವರಿಲ್ಲ, ಹಾಗಾಗಿ 'ವಿಶ್ ಯು ವರ್ ಹಿಯರ್' (1975) ಏಳನೆಯದು. ಇವರದೇ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಇನ್ನೂ ಹೆಸರಾದದ್ದು, ಅದರ 'ಮನಿ' ಹಾಡಿನ ಏಳರ ಎಣಿಕೆ ಮಿಶ್ರ ಛಾಪು ಬಲ್ಲವರಿಗೆ ಥಟ್ಟನೆ ಒಗ್ಗುತ್ತದೆ. ಆದರೆ 'ಶೈನ್ ಆನ್ ಯು ಕ್ರೇಜಿ ಡೈಮಂಡ್'ನಲ್ಲಿ ಡೇವಿಡ್ ಗಿಲ್ಮೋರ್ ಮೀಟುವ ಆ ನಾಲ್ಕು ಸ್ವರಗಳಿಗೆ ಎಣೆಯಿಲ್ಲ. ಮನಸ್ಸಿನ ಸ್ತಿಮಿತ ಕಳೆದುಕೊಂಡು ಬ್ಯಾಂಡಿನಿಂದ ದೂರವಾದ ಗೆಳೆಯ ಸಿಡ್ ಬ್ಯಾರೆಟ್ ಬಗೆಗಿನ ಹಾಡು ಅದು. ಆಲ್ಬಮ್ಮಿನ ಕೆಲಸ ನಡೆಯುತ್ತಿದ್ದಾಗ ಬ್ಯಾರೆಟ್ ಒಂದು ದಿನ ಸ್ಟುಡಿಯೋಗೆ ತಾವಾಗಿ ಬಂದು ಕುಳಿತರು. ದಪ್ಪಗಾಗಿ ಹುಬ್ಬು, ತಲೆ ಬೋಳಿಸಿಕೊಂಡಿದ್ದ ಅವರನ್ನು ಗೆಳೆಯರು ತಕ್ಷಣ ಗುರುತಿಸಲಿಲ್ಲ. ಈ ಬ್ಯಾಂಡಿನ ರೋಜರ್ ವಾಟರ್ಸ್ 2002ರಲ್ಲಿ ಬೆಂಗಳೂರಿನಲ್ಲಿ ಹಾಡಿದ್ದರು.

ಎಂಟನೆಯದು ಸ್ಲೇಯರ್ ಬ್ಯಾಂಡಿನ 'ರೇನ್ ಇನ್ ಬ್ಲಡ್', 1986. ಹತ್ತು ಹಾಡು, 29 ನಿಮಿಷ. ಕ್ಯಾಸೆಟ್ಟಿನ ಎರಡೂ ಬದಿಗೆ ಪೂರ್ತಿ ಆಲ್ಬಮ್ಮನ್ನೇ ಹಾಕಿದ್ದರು, ಅಷ್ಟು ಚಿಕ್ಕದು. ನನ್ನ ಲೆಕ್ಕಕ್ಕೆ ವಿರುದ್ಧವಾದ ಆಲ್ಬಮ್ ಇದು, ಉದ್ದಕ್ಕೂ ವೇಗ. ನಿರ್ಮಾಪಕ ರಿಕ್ ರೂಬಿನ್ ಪ್ರತಿಧ್ವನಿಯನ್ನು ಒರೆಸಿ ಹಾಕಿ ಒಂದೊಂದು ಪೆಟ್ಟನ್ನೂ ಒಣಗಿಸಿಟ್ಟಿರುವುದರಿಂದ ವೇಗದ ನಡುವೆಯೂ ಎಲ್ಲ ಬಿಡಿಬಿಡಿಯಾಗಿ ಕೇಳುತ್ತದೆ. ಕೊನೆಯ ಹಾಡು ಮುಗಿದು ಬರೀ ಮಳೆಯ ಸದ್ದು ಉಳಿಯುತ್ತದೆ. ಮುಂದೆ ಬಂದ ಮರುಮುದ್ರಣಗಳಲ್ಲಿ ಆ ಮಳೆಯ ಬೆನ್ನಿಗೇ ಬೋನಸ್ ಹಾಡು ಬಂದು ಎಲ್ಲ ಕೆಡಿಸುತ್ತದೆ. ಮಳೆಗೇ ನಿಲ್ಲಿಸಿ. ಮೊದಲ ಹಾಡು ನಾಜಿ ವೈದ್ಯ ಮೆಂಗೆಲೆಯ ಕ್ರೌರ್ಯವನ್ನು ಮುಚ್ಚುಮರೆಯಿಲ್ಲದೆ ವರ್ಣಿಸುತ್ತದೆ. ಚಿಕ್ಕ ಮಕ್ಕಳಿಗೆ ಇದನ್ನು ಕೊಡಬೇಡಿ ಎಂದೇ ನನ್ನ ಸಲಹೆ.

ಒಂಬತ್ತನೆಯದು ಸ್ವೀಡನ್ನಿನ ಓಪೆತ್ ಬ್ಯಾಂಡಿನ 'ಬ್ಲ್ಯಾಕ್‌ವಾಟರ್ ಪಾರ್ಕ್', 2001. ಗಂಟಲಾಳದಿಂದ ಗರ್ಜಿಸುವ ಗ್ರೌಲ್ ಹಾಡುಗಾರಿಕೆ ಬಹಳ ಮಂದಿಯನ್ನು ಈ ಸಂಗೀತದ ಹೊಸ್ತಿಲಲ್ಲೇ ತಡೆಯುತ್ತದೆ. ಅದನ್ನು ದಾಟಲು ಇದಕ್ಕಿಂತ ಒಳ್ಳೆಯ ಸೇತುವೆ ನನಗೆ ಗೊತ್ತಿಲ್ಲ. ಮಿಕಾಯೆಲ್ ಓಕರ್‌ಫೆಲ್ಡ್ ಒಂದೇ ಹಾಡಿನಲ್ಲಿ ಗರ್ಜಿಸುತ್ತಾರೆ, ಮರುಕ್ಷಣ ತಿಳಿಯಾದ ದನಿಯಲ್ಲಿ ಹಾಡುತ್ತಾರೆ. ಮೊದಲು 'ಹಾರ್ವೆಸ್ಟ್' ಕೇಳಿ, ಅದರಲ್ಲಿ ಗರ್ಜನೆಯೇ ಇಲ್ಲ. ಆಮೇಲೆ 'ಬ್ಲೀಕ್'. ಗ್ರೌಲನ್ನು ಮಾತಾಗಿ ಕೇಳಲು ಹೋಗದೆ ಇನ್ನೊಂದು ತಾಳವಾದ್ಯವೆಂದು ಕೇಳಿ, ಹಾದಿ ತಾನಾಗಿ ತೆರೆಯುತ್ತದೆ.

ಹತ್ತನೆಯದು ಎಸಿ/ಡಿಸಿ ಬ್ಯಾಂಡಿನ 'ಬ್ಯಾಕ್ ಇನ್ ಬ್ಲ್ಯಾಕ್', 1980ರ ಜುಲೈ. ಗಾಯಕ ಬಾನ್ ಸ್ಕಾಟ್ ಆ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಹೊಸ ಗಾಯಕ ಬ್ರಯನ್ ಜಾನ್ಸನ್ ಜೊತೆ ತಿಂಗಳುಗಳಲ್ಲೇ ಕಟ್ಟಿದ ಈ ಆಲ್ಬಮ್ಮಿನ ಕಪ್ಪು ಹೊದಿಕೆ ಸ್ಕಾಟ್ ಅವರ ಶೋಕಕ್ಕೆ. ಶುರುವಾಗುವುದೂ ಗಂಟೆಯ ಸದ್ದಿನಿಂದ. ಲೋಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್ಮುಗಳಲ್ಲಿ ಒಂದಾದರೂ ಹತ್ತನೆಯ ಸ್ಥಾನ ಏಕೆಂದರೆ, ಹಾಡುಗಳೆಲ್ಲ ಸುಮಾರು ಒಂದೇ ಅಚ್ಚಿನವು. ಆದರೂ ಡ್ರಮ್ಮರ್ ಫಿಲ್ ರಡ್ ಒಂದು ಪೆಟ್ಟನ್ನೂ ಹೆಚ್ಚಿಗೆ ಹಾಕದ ಸಂಯಮ ನೋಡಿದರೆ ಇದನ್ನು ಹೊರಗಿಡಲು ಮನಸ್ಸು ಒಪ್ಪುವುದಿಲ್ಲ.

ಕೂದಲೆಳೆಯಲ್ಲಿ ತಪ್ಪಿದವು ಎರಡು: ಜುಡಾಸ್ ಪ್ರೀಸ್ಟ್ ಬ್ಯಾಂಡಿನ 'ಬ್ರಿಟಿಷ್ ಸ್ಟೀಲ್' (1980), ಮೆಗಾಡೆತ್ ಬ್ಯಾಂಡಿನ 'ರಸ್ಟ್ ಇನ್ ಪೀಸ್' (1990). 'ಬ್ರಿಟಿಷ್ ಸ್ಟೀಲ್'ನ ಒಂದು ಹಾಡಿನಲ್ಲಿ ಲೋಹದ ದೈತ್ಯರು ನಡೆಯುವ ಸದ್ದಿಗೆ ಬಳಸಿದ್ದು ಚಮಚ, ಮುಳ್ಳುಚಮಚ ತುಂಬಿದ ಅಡುಗೆಮನೆಯ ಡ್ರಾಯರು.

ನಮ್ಮೂರಿನವರನ್ನು ಮರೆಯಬೇಡಿ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ರಿಪ್ಟೋಸ್ ಬ್ಯಾಂಡು ಜರ್ಮನಿಯ ವಾಕೆನ್ ಮೆಟಲ್ ಉತ್ಸವದ ವೇದಿಕೆ ಏರಿ ಬಂದಿದೆ. ಅವರ 'ದಿ ಕಾಯಿಲ್ಸ್ ಆಫ್ ಅಪೊಲಿಯನ್' (2012) ಐರನ್ ಮೇಡನ್ ಹಿಡಿಸಿದವರಿಗೆ ಖಂಡಿತ ಹಿಡಿಸುತ್ತದೆ. ಸಬ್ಬತ್ ಜಾಡಿನಲ್ಲಿ ನಿಧಾನಕ್ಕೆ ಗುಡುಗುವ ಬೇವರ್ ಸೀ ಎಂಬ ಬ್ಯಾಂಡೂ ಬೆಂಗಳೂರಿನದೇ, ಅದರ ಹೆಸರನ್ನು ಕನ್ನಡಿಗರು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಲಿ. ಇಂಥವರ ಕಛೇರಿಗಳಿಗೆ ಟಿಕೆಟ್ ಕೊಂಡು ಹೋಗಿ, ಜೇಬಿನಲ್ಲಿ ಇಯರ್‌ಪ್ಲಗ್ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಾರಕ್ಕೆ 40 ಗಂಟೆ ಕೇಳಬಹುದಾದ ಸುರಕ್ಷಿತ ಮಟ್ಟ 80 ಡೆಸಿಬೆಲ್. ಕಛೇರಿಯ ಸ್ಪೀಕರಿನ ಮುಂದೆ ಅದು 100 ದಾಟುತ್ತದೆ, ಹೋದ ಶ್ರವಣ ತಿರುಗಿ ಬರುವುದಿಲ್ಲ.

ಸ್ಥಾನದ ಕ್ರಮವೇ ಕೇಳುವ ಕ್ರಮವಲ್ಲ. ಹೊಸಬರು ಮೊದಲು 'ಬ್ಯಾಕ್ ಇನ್ ಬ್ಲ್ಯಾಕ್' ಹಾಕಲಿ, ಆಮೇಲೆ 'ಮೆಷಿನ್ ಹೆಡ್', 'ಲೆಡ್ ಜೆಪೆಲಿನ್ 4', 'ವಿಶ್ ಯು ವರ್ ಹಿಯರ್'. ಕಿವಿ ಪಳಗಿದ ಮೇಲೆ 'ರೈಸಿಂಗ್', 'ಪವರ್‌ಸ್ಲೇವ್', 'ಮಾಸ್ಟರ್ ಆಫ್ ರಿಯಾಲಿಟಿ', 'ಮಾಸ್ಟರ್ ಆಫ್ ಪಪೆಟ್ಸ್'. ಕೊನೆಗೆ 'ಬ್ಲ್ಯಾಕ್‌ವಾಟರ್ ಪಾರ್ಕ್' ಮತ್ತು 'ರೇನ್ ಇನ್ ಬ್ಲಡ್'. ವಾರಕ್ಕೆ ಒಂದೇ ಆಲ್ಬಮ್ ಸಾಕು, ಆದರೆ ಆ ಒಂದನ್ನು ಆ ವಾರದಲ್ಲಿ ಮೂರು ಸಲವಾದರೂ ಪೂರ್ತಿ ಕೇಳಿ.